ವಾಟರ್ ಫಿಲ್ಟರ್ ಮತ್ತು ಶಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ವಾಟರ್ ಫಿಲ್ಟರ್ ಬಗ್ಗೆ ಜನ ಕೇಳುವುದು ಹೆಚ್ಚಾಗಿ ನೀರಿನ ರುಚಿ, ಟಿಡಿಎಸ್, ಕ್ಯಾಂಡಲ್ ಬದಲಿಸುವ ಸಮಯ. ಕರೆಂಟಿನ ಮಾತು ಬರುವುದು ಕೈಗೆ ಜುಮ್ ಅಂದ ಮೇಲೇ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಅಂಥ ಪ್ರಶ್ನೆಗಳನ್ನಷ್ಟೇ ಇಲ್ಲಿ ಸೇರಿಸಿದ್ದೇನೆ. ಮೊದಲರ್ಧ ಎಲ್ಲರಿಗೂ. ಕೊನೆಯ ಭಾಗ ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರಿಗೆ. ಒಂದು ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಫಿಲ್ಟರ್‌ನ ತಲೆಗೆ ಕಟ್ಟುವ ತಪ್ಪು ಎಷ್ಟೋ ಸಲ ಗೋಡೆಯೊಳಗಿನ ವೈರಿಂಗ್‌ನದ್ದಾಗಿರುತ್ತದೆ.

## ಮೊದಲು ಇಷ್ಟು

ಫಿಲ್ಟರ್ ಮುಟ್ಟಿದ್ರೆ ಶಾಕ್ ಹೊಡೀತಿದೆ. ಈಗ ತಕ್ಷಣ ಏನ್ ಮಾಡ್ಲಿ?

ನಿಜವೋ ಭ್ರಮೆಯೋ ಎಂದು ಇನ್ನೊಮ್ಮೆ ಮುಟ್ಟಿ ನೋಡಬೇಡಿ. ಕೈ ಒಣಗಿದ್ದು, ಸಾಕೆಟ್ ಕೂಡ ಒಣಗಿದ್ದರೆ ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಸಾಕೆಟ್ ಒದ್ದೆಯಾಗಿದ್ದರೆ ಅದರ ಹತ್ತಿರ ಹೋಗದೆ ಮೇನ್ ಆರಿಸಿ. ನೆಲದಲ್ಲಿ ನೀರು ನಿಂತು ಅದರೊಳಗೆ ವೈರ್ ಬಿದ್ದಿದ್ದರೆ ಆ ನೀರಿಗೆ ಕಾಲಿಡಬೇಡಿ. ಮೇನ್ ಬೋರ್ಡ್‌ಗೆ ಆ ನೀರು ದಾಟಿಯೇ ಹೋಗಬೇಕು ಅಂದರೆ ಹೊರಗೆ ನಿಂತು ವಿದ್ಯುತ್ ಸರಬರಾಜಿನವರನ್ನು ಕರೆಯಿರಿ.

ಸ್ವಿಚ್ ಆರಿಸಿದರೆ ಸಾಲದೇ, ಪ್ಲಗ್ ಯಾಕೆ ಕೀಳಬೇಕು? ಬಹಳಷ್ಟು ಗೋಡೆ ಸ್ವಿಚ್‌ಗಳು ಒಂದೇ ವೈರನ್ನು ಕಡಿಯುತ್ತವೆ. ವೈರಿಂಗ್ ಮಾಡಿದವರು ಫೇಸ್, ನ್ಯೂಟ್ರಲ್ ಅದಲು ಬದಲು ಮಾಡಿದ್ದರೆ ಸ್ವಿಚ್ ಆರಿಸಿದರೂ ಫೇಸ್ ಫಿಲ್ಟರ್‌ವರೆಗೆ ಹಾಗೇ ಇರುತ್ತದೆ.

ಯಾರಾದ್ರೂ ಶಾಕ್ ಹೊಡೆದು ಅಂಟಿಕೊಂಡ್ರೆ?

ಸುಮಾರು 10 ಮಿಲಿಆಂಪ್ ದಾಟಿದರೆ ಕೈಯ ಸ್ನಾಯು ಬಿಗಿದು, ಬಿಡಬೇಕೆಂದರೂ ಬಿಡಲಾಗದು. ಅವರನ್ನು ಬರಿಗೈಯಲ್ಲಿ ಎಳೆಯಬೇಡಿ. ಮೊದಲು ಕರೆಂಟ್ ಕಡಿಯಿರಿ. ಅದಾಗದಿದ್ದರೆ ಒಣ ನೆಲದಲ್ಲಿ ನಿಂತು ಒಣ ಮರದ ಕೋಲಿನಿಂದ ಅಥವಾ ಪ್ಲಾಸ್ಟಿಕ್ ಸ್ಟೂಲಿನಿಂದ ದೂರ ತಳ್ಳಿ. ಎಚ್ಚರವಿಲ್ಲ, ಉಸಿರಿಲ್ಲ ಅಂದರೆ ತುರ್ತು ಸಹಾಯಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಿ. ಎದ್ದು ಕೂತು ಚೆನ್ನಾಗಿಯೇ ಮಾತಾಡಿದರೂ ಕ್ಷಣಕಾಲ ಎಚ್ಚರ ತಪ್ಪಿದ್ದರೆ, ಎದೆ ನೋವಿದ್ದರೆ, ಸುಟ್ಟ ಗುರುತಿದ್ದರೆ ಅಥವಾ ಅವರು ಗರ್ಭಿಣಿಯಾಗಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಬರೀ ಜುಮ್ ಅನ್ನುತ್ತೆ ಅಷ್ಟೇ. ಹಾಗೇ ಬಳಸ್ತಾ ಇರಬಹುದಾ?

ಬೇಡ. ಅರ್ಧ ಮಿಲಿಆಂಪ್ ಹರಿದರೂ ಮೈಗೆ ಗೊತ್ತಾಗುತ್ತದೆ. ಸುಮಾರು 30 ಮಿಲಿಆಂಪ್ ದಾಟಿ ಸ್ವಲ್ಪ ಹೊತ್ತು ಹರಿದರೆ ಹೃದಯದ ಲಯ ತಪ್ಪುವ ಅಪಾಯ. ಇವೆರಡರ ನಡುವಿನ ದೂರ ನಿಮ್ಮ ಚಪ್ಪಲಿಯಷ್ಟೇ ಇರಬಹುದು! ಇನ್ಸುಲೇಷನ್ ಕೆಟ್ಟಿದ್ದರೆ ಒಣಗೈ, ರಬ್ಬರ್ ಚಪ್ಪಲಿಯಲ್ಲಿ ಜುಮ್ ಅಂದದ್ದು ಒದ್ದೆಗೈ, ಬರಿಗಾಲಲ್ಲಿ ಎತ್ತಿ ಎಸೆಯುವ ಶಾಕ್ ಆಗುತ್ತದೆ.

ಜುಮ್ ಅನ್ನಲು ಕಾರಣ ಎರಡು ಇರಬಹುದು. ಒಂದು, ಪವರ್ ಸಪ್ಲೈ ಒಳಗಿನ ಸಣ್ಣ ಕೆಪಾಸಿಟರ್‌ಗಳಿಂದ ಯಾವಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ಸದ್ದಿಲ್ಲದೆ ಅಲ್ಲಿಗೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಎರಡು, ನಿಜವಾಗಿಯೂ ಇನ್ಸುಲೇಷನ್ ಹೋಗಿದೆ. ಮುಟ್ಟಿ ನೋಡಿ ಇದು ಅದೋ ಇದೋ ಎಂದು ಹೇಳಲು ಯಾರಿಂದಲೂ ಆಗದು. ಮೊದಲನೆಯದೇ ಆಗಿದ್ದರೂ ನಿಮ್ಮ ಅರ್ಥಿಂಗ್ ಸರಿಯಿಲ್ಲ ಎಂಬ ಸುದ್ದಿಯನ್ನಂತೂ ಅದು ಕೊಟ್ಟಿದೆ.

ಒಳಗಿರೋದು ಬರೀ 24 ವೋಲ್ಟ್ ಅಂತಾರೆ. ಮತ್ತೆ ಶಾಕ್ ಎಲ್ಲಿಂದ ಬರುತ್ತೆ?

ಪಂಪು, ಸೊಲೆನಾಯ್ಡ್ ವಾಲ್ವ್, ಫ್ಲೋಟ್ ಸ್ವಿಚ್ ಇವೆಲ್ಲ ಸಾಮಾನ್ಯವಾಗಿ 24 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ ಎನ್ನುವುದು ನಿಜ. ಅವುಗಳಿಂದ ಶಾಕ್ ಬರುವ ಸಂಭವ ಬಹಳ ಕಡಿಮೆ. ಮನೆಯ ಪೂರ್ತಿ ವೋಲ್ಟೇಜ್ ಬರುವ ಜಾಗಗಳು ಕೆಲವೇ: ವೈರು, ಅಡಾಪ್ಟರ್ ಅಥವಾ ಎಸ್‌ಎಂಪಿಎಸ್ (ಮೇನ್ಸ್ ಅನ್ನು 24 ವೋಲ್ಟಿಗೆ ಇಳಿಸುವ ಪವರ್ ಸಪ್ಲೈ), ಹಲವು ಮಾದರಿಗಳಲ್ಲಿ ಕ್ರಿಮಿ ಕೊಲ್ಲುವ ಯುವಿ ಲ್ಯಾಂಪಿನ ಚೋಕ್ (ಲ್ಯಾಂಪ್ ಉರಿಸುವ ಭಾಗ), ಬಿಸಿನೀರು ಕೊಡುವ ಮಾದರಿಯಾದರೆ ಹೀಟರ್. ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಅಡಾಪ್ಟರ್ ಫಿಲ್ಟರ್‌ನ ಹೊರಗೇ ಇದ್ದು, ಯುವಿ ಕೂಡ 24 ವೋಲ್ಟಿನದ್ದಾದರೆ ಅಪಾಯದ ಕರೆಂಟ್ ಡಬ್ಬಿಯೊಳಗೆ ಹೋಗುವುದೇ ಇಲ್ಲ. ಹೊಸದು ಕೊಳ್ಳುವಾಗ ನಾನು ಇದನ್ನೇ ಮೊದಲು ನೋಡುತ್ತೇನೆ. ಆದರೆ ಈ ಭರವಸೆ ಪೂರ್ತಿ ನಿಂತಿರುವುದು ಅಡಾಪ್ಟರ್ ಮೇಲೆ. ಅಗ್ಗದ, ಗುರುತು ಪರಿಚಯ ಇಲ್ಲದ ಅಡಾಪ್ಟರ್‌ನಲ್ಲಿ ಎರಡು ಬದಿಗಳ ನಡುವೆ ಸರಿಯಾದ ಅಂತರ, ಇನ್ಸುಲೇಷನ್ ಇಲ್ಲದಿದ್ದರೆ 24 ವೋಲ್ಟಿನ ವೈರಿಗೂ ಮೇನ್ಸ್ ಬರಬಹುದು.

ನಮ್ಮ ಫಿಲ್ಟರ್‌ಗೆ ಕರೆಂಟೇ ಬೇಡ. ಆದ್ರೂ ನಲ್ಲಿ ಹಿಡಿದ್ರೆ ಶಾಕ್!

ಹಾಗಾದರೆ ಅದು ಬೇರೆ ಕಡೆಯಿಂದ ಬರುತ್ತಿದೆ. ಸ್ನಾನದ ನೀರು ಕಾಯಿಸುವ ಹೀಟರ್‌ನ ಎಲಿಮೆಂಟ್ ಬಿರುಕು ಬಿಟ್ಟಿರಬಹುದು, ನೀರೆತ್ತುವ ಮೋಟಾರಿನ ಇನ್ಸುಲೇಷನ್ ಹೋಗಿರಬಹುದು, ವಾಷಿಂಗ್ ಮೆಷಿನ್ ಇರಬಹುದು. ಪೈಪ್, ನೀರು ಹಿಡಿದು ಕರೆಂಟ್ ನಿಮ್ಮ ಅಡುಗೆಮನೆಗೆ ಬಂದಿದೆ. ಯಾವ ಹೊತ್ತಿನಲ್ಲಿ ಆಯ್ತು, ಆಗ ಏನೇನು ಓಡುತ್ತಿತ್ತು ಎಂದು ನೆನಪು ಮಾಡಿಕೊಳ್ಳಿ. ಬೆಳಗ್ಗೆ ಮಾತ್ರ ಆಗುತ್ತಿದ್ದರೆ ಮೊದಲ ಅನುಮಾನ ಹೀಟರ್ ಮೇಲೆ. ಎಲೆಕ್ಟ್ರಿಷಿಯನ್ ಬರುವವರೆಗೆ ನೀರಿಗೆ ಸಂಬಂಧಪಟ್ಟ ಎಲ್ಲವನ್ನೂ ಪ್ಲಗ್‌ನಿಂದ ತೆಗೆದಿಡಿ.

ಶಾಕ್ ಕೊಟ್ಟ ಫಿಲ್ಟರ್‌ನ ನೀರು ಕುಡಿಯಬಹುದಾ?

ಕರೆಂಟ್ ಕಡಿದ ಮೇಲೆ ನೀರಿನಲ್ಲಿ ಅದು ಉಳಿಯುವುದಿಲ್ಲ, ಕುಡಿಯಬಹುದು. ಯುವಿ ಲ್ಯಾಂಪ್ ಒಡೆದಿದ್ದರೆ ಮಾತ್ರ ಚೆಲ್ಲಿ. ಕಾರಣ ಮುಂದೆ ಹೇಳಿದ್ದೇನೆ.

## ಜಾಗ, ಸಾಕೆಟ್, ವೈರ್

ಸಾಕೆಟ್ ಸಿಂಕ್ ಕೆಳಗಿದ್ರೆ ತೊಂದರೆ ಇದೆಯಾ?

ಇದೆ. ಪೈಪ್ ಜಾಯಿಂಟ್, ಫಿಲ್ಟರ್ ಹೌಸಿಂಗ್ ಇವೆಲ್ಲ ಒಂದಲ್ಲ ಒಂದು ದಿನ ಸೋರುವಂಥವೇ. ಸೋರಿದಾಗ ನೀರು ಕೆಳಗೆ ಇಳಿಯುತ್ತದೆ. ಆ ದಾರಿಯಲ್ಲಿ ಸಾಕೆಟ್ ಇರಬಾರದು, ಅಷ್ಟೇ ಲೆಕ್ಕ. ಫಿಲ್ಟರ್‌ನ ಪಕ್ಕಕ್ಕೆ, ಸಾಧ್ಯವಾದರೆ ಅದಕ್ಕಿಂತ ಮೇಲೆ ಇರಲಿ. ಸಿಂಕ್ ಕೆಳಗಿನ ಕಪಾಟಿನಲ್ಲಿ ಬೇರೆ ದಾರಿಯೇ ಇಲ್ಲ ಅನ್ನುವವರು ಸಾಕೆಟ್ ಅನ್ನು ಪಕ್ಕದ ಗೋಡೆಯ ಎತ್ತರದ ಮೂಲೆಗೆ ಹಾಕಿಸಿ, ನೀರು ಒಳಗೆ ಹೋಗದಂಥ ಮುಚ್ಚಳದ ಬಾಕ್ಸ್ ಬಳಸಲಿ.

ದುಡ್ಡೇ ಖರ್ಚಾಗದ ಒಂದು ಉಪಾಯ: ವೈರ್ ಸಾಕೆಟ್‌ಗಿಂತ ಕೆಳಗೆ ಇಳಿದು, ಜೋತು, ಮತ್ತೆ ಮೇಲೇರಿ ಪ್ಲಗ್‌ಗೆ ಹೋಗುವಂತೆ ಬಿಡಿ. ವೈರ್ ಹಿಡಿದು ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

ಮೂರು ಪಿನ್ ಪ್ಲಗ್, ಸಾಕೆಟ್ ಎರಡು ಪಿನ್‌ದು. ಮೂರನೇ ಪಿನ್ ಮುರಿದು ಹಾಕಿದ್ರೆ ನಡಿಯುತ್ತಾ?

ಫಿಲ್ಟರ್ ನಡೆಯುತ್ತದೆ, ಅದೇ ಅಪಾಯ. ಅರ್ಥ್ ವೈರ್ ಇಲ್ಲದೆಯೂ ಯಂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಏನೋ ತಪ್ಪಿದೆ ಎಂದು ಗೊತ್ತೇ ಆಗುವುದಿಲ್ಲ. ಒಳಗೆ ಫೇಸ್ ವೈರ್ ಸ್ಟೀಲ್ ಭಾಗಕ್ಕೆ ತಗುಲಿದ ದಿನ ಆ ಸ್ಟೀಲ್ ಪೂರ್ತಿ ಜೀವಂತ. ಸಾಕೆಟ್ ಬದಲಿಸಿ, ಅದಕ್ಕೆ ಅರ್ಥ್ ವೈರ್ ಎಳೆಸಿ. ಬರೀ ಮೂರು ತೂತಿನ ಸಾಕೆಟ್ ಹಾಕಿ ಹಿಂದೆ ಏನೂ ಜೋಡಿಸದೆ ಹೋಗುವವರೂ ಇದ್ದಾರೆ, ನೋಡಿಕೊಳ್ಳಿ.

ನಿಮ್ಮ ಅಡಾಪ್ಟರ್‌ನ ಮೇಲೆ ಚೌಕದೊಳಗೆ ಚೌಕದ ಗುರುತಿದ್ದು, ತಯಾರಕರೇ ಎರಡು ಪಿನ್ ಕೊಟ್ಟಿದ್ದರೆ ಅದು ಡಬಲ್ ಇನ್ಸುಲೇಷನ್‌ನದ್ದು. ಅದಕ್ಕೆ ಅರ್ಥ್ ಬೇಕಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಬಹುದಾ? ಫಿಲ್ಟರ್ ಕರೆಂಟ್ ಜಾಸ್ತಿ ಎಳೆಯೋದಿಲ್ವಲ್ಲ.

ಬಿಸಿನೀರಿಲ್ಲದ ಸಾಮಾನ್ಯ ಆರ್‌ಒ ಎಳೆಯುವುದು ಕೆಲವು ಹತ್ತು ವ್ಯಾಟ್ ಮಾತ್ರ, ಲೋಡ್ ಇಲ್ಲಿ ಸಮಸ್ಯೆಯೇ ಅಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿರುವುದು ನೆಲದ ಮೇಲೆ. ಸೋರಿದ ನೀರು ಬಂದು ಸೇರುವುದೂ ಅಲ್ಲಿಗೇ. ಬೇಡ.

ಹೌಸಿಂಗ್ ಸೋರಿ ಅಡಾಪ್ಟರ್ ನೆನೆದಿತ್ತು. ಒಣಗಿಸಿದೆ, ಈಗ ಕೆಲಸ ಮಾಡ್ತಿದೆ. ಪರವಾಗಿಲ್ಲ ಅಲ್ವಾ?

ಕೆಲಸ ಮಾಡುತ್ತಿರುವುದು ಸುರಕ್ಷಿತ ಎನ್ನುವುದಕ್ಕೆ ಸಾಕ್ಷಿಯಲ್ಲ. ನೀರು ಆರಿದರೂ ಅದರಲ್ಲಿದ್ದ ಉಪ್ಪಿನಂಶ ಸರ್ಕ್ಯೂಟ್ ಬೋರ್ಡ್ ಮೇಲೆ ಉಳಿಯುತ್ತದೆ. ಗಾಳಿಯಲ್ಲಿ ತೇವ ಬಂದ ದಿನ ಅದೇ ಕರೆಂಟಿಗೆ ದಾರಿಯಾಗುತ್ತದೆ. ಒಳಗೆ ನೀರು ಹೋದ ಅಡಾಪ್ಟರ್ ಎಸೆಯಿರಿ. ಬಿಚ್ಚಿ ನೋಡುವ ಕುತೂಹಲ ಬೇಡ: 230 ವೋಲ್ಟ್ ಇರುವಲ್ಲಿ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಹೊಸದು ತರುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪ್ಲಸ್ ಮೈನಸ್ ಹೊಂದಬೇಕು. ಹಳೆಯದರ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.

## ಟ್ರಿಪ್, ಬಿಸಿ, ವಾಸನೆ

ಫಿಲ್ಟರ್ ಆನ್ ಮಾಡಿದ್ರೆ ಮನೆ ಕರೆಂಟೇ ಹೋಗುತ್ತೆ. ಯಾಕೆ?

ಮೊದಲು ಬೋರ್ಡ್‌ನಲ್ಲಿ ಯಾವುದು ಬಿದ್ದಿದೆ ನೋಡಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಬಿದ್ದರೆ ಶಾರ್ಟ್ ಅಥವಾ ಓವರ್‌ಲೋಡ್. ಫಿಲ್ಟರ್‌ನ ಲೋಡ್ ಸಣ್ಣದು, ಹಾಗಾಗಿ ಹೆಚ್ಚಾಗಿ ಶಾರ್ಟೇ ಇರುತ್ತದೆ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಬಿದ್ದರೆ ಕರೆಂಟ್ ಎಲ್ಲೋ ಅರ್ಥ್‌ಗೆ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪ್‌ನದ್ದು. ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಇದೇ ಕೆಲಸ ಮಾಡುವ, ಸಾಕೆಟ್‌ನಲ್ಲೇ ಇರುವ ಜಿಎಫ್‌ಸಿಐ ಆದರೆ 4ರಿಂದ 6 ಮಿಲಿಆಂಪ್‌ಗೇ ಬೀಳುತ್ತದೆ.

ಆರ್‌ಸಿಸಿಬಿ ಯಾವಾಗ ಬೀಳುತ್ತದೆ ಎನ್ನುವುದೇ ಅರ್ಧ ಉತ್ತರ. ಪ್ಲಗ್ ಕಿತ್ತು ಆರ್‌ಸಿಸಿಬಿಯನ್ನು ಮೇಲೆತ್ತಿ. ಆಗಲೂ ಅದು ನಿಲ್ಲದಿದ್ದರೆ ತಪ್ಪು ಫಿಲ್ಟರ್‌ನದ್ದಲ್ಲ. ನಿಂತು, ಪ್ಲಗ್ ಹಾಕಿದ ಕೂಡಲೇ ಬಿದ್ದರೆ ವೈರ್ ಅಥವಾ ಅಡಾಪ್ಟರ್. ಯುವಿ ಹತ್ತುವ ಹೊತ್ತಿಗೆ ಸರಿಯಾಗಿ ಬಿದ್ದರೆ ಚೋಕ್ ಅಥವಾ ಲ್ಯಾಂಪಿನ ತುದಿಗೆ ನೀರು ಬಂದಿದೆ. ಲ್ಯಾಂಪಿಗೆ ನೀರು ತಾಗದಂತೆ ಕಾಯುವ ಕ್ವಾರ್ಟ್ಜ್ ಕೊಳವೆ ಸೀಳಿದಾಗ, ರಬ್ಬರ್ ರಿಂಗ್ ಸವೆದಾಗ ಹೀಗಾಗುತ್ತದೆ. ಗಂಟೆಗಟ್ಟಲೆ ಚೆನ್ನಾಗಿದ್ದು ಆಮೇಲೆ ಬಿದ್ದರೆ ಸಣ್ಣ ಸೋರಿಕೆ, ನೀರು ನಿಧಾನವಾಗಿ ಎಲ್ಲೋ ಸೇರುತ್ತಿದೆ. ಮಳೆ ದಿನ ಮಾತ್ರ ಬಿದ್ದರೆ ಗೋಡೆಯ ತೇವ ನೋಡಿ.

ಒಮ್ಮೆ ಹಾಕಿ ನೋಡಿ, ಮತ್ತೆ ಬಿದ್ದರೆ ನಿಲ್ಲಿಸಿ. ಹತ್ತು ಸಲ ಎತ್ತಿದರೆ ರಿಪೇರಿ ಆಗುವುದಿಲ್ಲ.

ಸ್ವಿಚ್ ಆಫ್ ಇದ್ರೂ ಟ್ರಿಪ್ ಆಗುತ್ತೆ. ಇದು ಹೇಗೆ ಸಾಧ್ಯ?

ಫಿಲ್ಟರ್ ಒಳಗೆ ನ್ಯೂಟ್ರಲ್ ವೈರ್ ಅರ್ಥ್‌ಗೆ ತಗುಲಿದೆ. ಸ್ವಿಚ್ ಫೇಸ್ ಅನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಜೋಡಿಕೊಂಡೇ ಇರುತ್ತದೆ. ಮನೆಯ ಬೇರೆ ಉಪಕರಣಗಳ ಕರೆಂಟ್‌ನಲ್ಲಿ ಸ್ವಲ್ಪ ಪಾಲು ಈ ಅಡ್ಡದಾರಿ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ. ಪ್ಲಗ್ ಕಿತ್ತಾಗ ನಿಂತಿತು ಅಂದರೆ ಇದೇ.

ಆರ್‌ಸಿಸಿಬಿ ಸುಮ್ನೆ ಬೀಳ್ತಾ ಇರುತ್ತೆ. ತೆಗೆಸಿಬಿಡಲಾ?

ತೆಗೆಸಬೇಡಿ, 100 ಅಥವಾ 300 ಮಿಲಿಆಂಪ್‌ನದ್ದನ್ನೂ ಹಾಕಿಸಬೇಡಿ. ಅವು ಬೆಂಕಿ ತಡೆಯಲು ಇರುವಂಥವು, ಮನುಷ್ಯನ ಹೃದಯಕ್ಕೆ ಅಲ್ಲ. ಸುಮ್ಮನೆ ಬೀಳುವುದೂ ಇದೆ, ಒಪ್ಪುತ್ತೇನೆ. ಒಂದೇ ಆರ್‌ಸಿಸಿಬಿ ಮೇಲೆ ಕಂಪ್ಯೂಟರ್, ಟಿವಿ, ವಾಷಿಂಗ್ ಮೆಷಿನ್ ಎಲ್ಲ ಕೂತರೆ ಒಂದೊಂದರ ಚೂರು ಸೋರಿಕೆ ಸೇರಿ 9-10 ಮಿಲಿಆಂಪ್ ದಾಟುತ್ತದೆ, ಆಮೇಲೆ ಸಣ್ಣ ನೆಪ ಸಾಕು. ಅದಕ್ಕೆ ಮದ್ದು ಸರ್ಕ್ಯೂಟ್‌ಗಳನ್ನು ಎರಡು ಮೂರು ಆರ್‌ಸಿಸಿಬಿಗೆ ಹಂಚುವುದು.

ಪ್ಲಗ್ ಬಿಸಿ, ಸ್ವಲ್ಪ ಸುಟ್ಟ ವಾಸನೆ. ಫಿಲ್ಟರ್ ಹಳೇದಾಯ್ತಾ?

ಇಷ್ಟು ಸಣ್ಣ ಲೋಡ್‌ಗೆ ಪ್ಲಗ್ ಪಿನ್ ಬಿಸಿಯಾಗಲೇಬಾರದು. ಆಗುತ್ತಿದ್ದರೆ ಸಾಕೆಟ್‌ನೊಳಗಿನ ಹಿಡಿತ ಸಡಿಲವಾಗಿದೆ ಅಥವಾ ಸ್ಕ್ರೂ ಲೂಸಾಗಿದೆ. ಸಾಕೆಟ್ ಬದಲಿಸಿ. ಅಡಾಪ್ಟರ್ ಮಾತ್ರ ಉಗುರುಬೆಚ್ಚಗಿದ್ದರೆ ಸಹಜ. ಕೈ ಇಡಲಾರದಷ್ಟು ಬಿಸಿ, ಕವರ್ ಬಣ್ಣ ತಿರುಗಿದ್ದು, ಉಬ್ಬಿದ್ದು ಕಂಡರೆ ಅದರ ಕಾಲ ಮುಗಿಯಿತು. ಪಂಪ್ ನಿಲ್ಲದೆ ಓಡುತ್ತಿದೆಯೇ ಎಂದೂ ನೋಡಿ. ಫ್ಲೋಟ್ ಸಿಕ್ಕಿಹಾಕಿಕೊಂಡರೆ ಅಥವಾ ನೀರು ಬರುತ್ತಿಲ್ಲದಿದ್ದರೂ ಪ್ರೆಷರ್ ಸ್ವಿಚ್ ನಿಲ್ಲಿಸದಿದ್ದರೆ ಪಂಪು, ಅಡಾಪ್ಟರ್ ಎರಡೂ ಕಾಯುತ್ತವೆ.

ಹೊಗೆ, ಬೆಂಕಿ ಕಂಡರೆ ಪಕ್ಕದಲ್ಲೇ ನೀರಿದೆ ಎಂದು ಎರಚಬೇಡಿ. ಮೊದಲು ಕರೆಂಟ್ ಕಡಿಯಿರಿ.

## ಯುವಿ ಲ್ಯಾಂಪ್

ಯುವಿ ಲ್ಯಾಂಪ್ ನಾನೇ ಬದಲಿಸಬಹುದಾ?

ಕೈಪಿಡಿ ಅನುಮತಿ ಕೊಟ್ಟಿದ್ದರೆ ಬದಲಿಸಬಹುದು. ಪ್ಲಗ್ ಕಿತ್ತು, ನೀರಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒತ್ತಡ ಇಳಿಸಿ, ಲ್ಯಾಂಪ್ ಆರಲು ಬಿಡಿ. ಲ್ಯಾಂಪ್ ಹೊರತೆಗೆದಾಗ ಕ್ವಾರ್ಟ್ಜ್ ಕೊಳವೆಯೊಳಗೆ ಒಂದು ಹನಿ ನೀರಿದ್ದರೂ ಕೊಳವೆ, ರಿಂಗ್ ಎರಡನ್ನೂ ನೋಡದೆ ಹೊಸ ಲ್ಯಾಂಪ್ ಹಾಕಬೇಡಿ.

ಹತ್ತಿತೋ ಇಲ್ಲವೋ ಎಂದು ಹೊರಗಿಟ್ಟು ಉರಿಸಿ ನೋಡುವವರಿದ್ದಾರೆ. ಆ ನೀಲಿ ಬೆಳಕಿನ ಜೊತೆ ಬರುವ 254 ನ್ಯಾನೋಮೀಟರ್‌ನ ಯುವಿ-ಸಿ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಸುಡುತ್ತದೆ. ನೋವು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ, ಕಣ್ಣಲ್ಲಿ ಮರಳು ಹಾಕಿದ ಹಾಗೆ.

ಲ್ಯಾಂಪ್ ಕೈಯಲ್ಲೇ ಒಡೀತು. ಏನ್ ಮಾಡೋದು?

ಮಾಮೂಲಿ ಯುವಿ ಲ್ಯಾಂಪ್‌ನಲ್ಲಿ ಸ್ವಲ್ಪ ಪಾದರಸ ಇರುತ್ತದೆ. ಕಿಟಕಿ ತೆರೆದು ಎಲ್ಲರೂ ಹತ್ತು ಹದಿನೈದು ನಿಮಿಷ ಹೊರಗಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬೇಡ, ಅವು ಪಾದರಸವನ್ನು ಹರಡುತ್ತವೆ. ಗ್ಲೌಸ್ ಹಾಕಿ ಗಟ್ಟಿ ಕಾಗದದಿಂದ ಚೂರು ಎತ್ತಿ, ಪುಡಿಯನ್ನು ಅಂಟುಟೇಪಿಗೆ ಹಿಡಿಸಿ, ಮುಚ್ಚಳದ ಡಬ್ಬಿಗೆ ಹಾಕಿ ಅಪಾಯಕಾರಿ ಕಸಕ್ಕೆ ಕೊಡಿ. ಫಿಲ್ಟರ್ ಒಳಗೇ ಕ್ವಾರ್ಟ್ಜ್ ಕೊಳವೆಯೂ ಸೇರಿ ಒಡೆದಿದ್ದರೆ ಪಾದರಸ ನೀರಿಗೆ ಸೇರಿರಬಹುದು. ಟ್ಯಾಂಕ್‌ನ ನೀರು ಬಳಸಬೇಡಿ, ಸರ್ವಿಸ್ ಆಗುವವರೆಗೆ ಫಿಲ್ಟರ್ ನಿಲ್ಲಿಸಿ. ಯುವಿ ಎಲ್‌ಇಡಿ ಮಾದರಿಗಳಲ್ಲಿ ಈ ತಲೆನೋವಿಲ್ಲ.

## ಮೀಟರ್ ಹಿಡಿಯಲು ಗೊತ್ತಿರುವವರಿಗೆ

ಸ್ಟೀಲ್ ಬಾಡಿ ಮೇಲೆ ಟೆಸ್ಟರ್ ಉರಿಯುತ್ತೆ, ಮೀಟರ್ 110 ವೋಲ್ಟ್ ತೋರಿಸುತ್ತೆ. ಶಾರ್ಟ್ ಆಗಿದೆಯಾ?

ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಅರ್ಥಿಂಗ್ ಇಲ್ಲದ ಫಿಲ್ಟರ್‌ನ ಲೋಹ, ಒಳಗಿನ ಕೆಪಾಸಿಟರ್‌ಗಳ ದೆಸೆಯಿಂದ, ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜ್‌ನಲ್ಲಿ ತೇಲುತ್ತದೆ. 230 ಇರುವಲ್ಲಿ ನೂರರ ಆಸುಪಾಸು, 120 ಇರುವಲ್ಲಿ ಅರವತ್ತರ ಆಸುಪಾಸು. ಮಾಮೂಲಿ ಡಿಜಿಟಲ್ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಈ ಹುಸಿ ವೋಲ್ಟೇಜ್ ಪೂರ್ತಿ ಕಾಣುತ್ತದೆ. ಲೋ-ಇಂಪೀಡೆನ್ಸ್ ಮೋಡ್ ಇರುವ ಮೀಟರ್‌ನಲ್ಲಿ ಅಳೆಯಿರಿ. ಕುಸಿದುಬಿದ್ದರೆ ಕೆಪಾಸಿಟರ್ ಸೋರಿಕೆ. ಕುಸಿಯದೆ ಗಟ್ಟಿಯಾಗಿ ನಿಂತರೆ ನಿಜವಾದ ದೋಷ.

ನಿಯಾನ್ ಟೆಸ್ಟರ್ ಅನ್ನು ನಾನು ನಂಬುವುದಿಲ್ಲ. ಸಣ್ಣ ಸೋರಿಕೆಗೂ ಉರಿಯುತ್ತದೆ, ನೀವು ಒಣ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಫೇಸ್ ಇದ್ದರೂ ಸರಿಯಾಗಿ ಉರಿಯದೆ ಇರಬಹುದು.

ಸಾಕೆಟ್‌ನಲ್ಲಿ ಅರ್ಥಿಂಗ್ ಸರಿ ಇದೆ ಅಂತ ಹೇಗೆ ತಿಳ್ಕೊಳ್ಳೋದು?

ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ಹತ್ತಿರ ಹತ್ತಿರ ಇರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬಹುದು, ಹತ್ತಾರು ವೋಲ್ಟ್ ಕಂಡರೆ ತೊಂದರೆ. ಲೋಡ್ ಇದ್ದಾಗಲೂ ಅದು ಕರಾರುವಾಕ್ಕಾಗಿ ಸೊನ್ನೆ ಇದ್ದರೆ ಖುಷಿಪಡಬೇಡಿ: ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಕೊಟ್ಟಿರಬಹುದು. ಇದು ಬಹಳ ಕೆಟ್ಟ ಅಡ್ಡದಾರಿ. ಮುಂದೆ ಎಲ್ಲೋ ನ್ಯೂಟ್ರಲ್ ಕಡಿದರೆ ಫಿಲ್ಟರ್ ಬಾಡಿಗೇ ಫೇಸ್ ಬರುತ್ತದೆ.

ಮೀಟರ್ ಒಳ್ಳೆಯ ಅಂಕಿ ಕೊಟ್ಟರೂ ಆ ಅರ್ಥ್ ದೊಡ್ಡ ಕರೆಂಟ್ ಹೊರುತ್ತದೆ ಎಂಬ ಖಾತ್ರಿಯಿಲ್ಲ, ತುಕ್ಕು ಹಿಡಿದ ಜಾಯಿಂಟ್ ಕೂಡ ಮೀಟರ್‌ಗೆ ಸರಿಯಾಗೇ ಕಾಣುತ್ತದೆ. ಅದಕ್ಕೆ ಅರ್ಥ್ ಲೂಪ್ ಟೆಸ್ಟರ್ ಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಕೂಡ ಅರ್ಥಿಂಗ್ ನೋಡುವುದಿಲ್ಲ, ತನ್ನೊಳಗಿನ ಯಂತ್ರವನ್ನು ಮಾತ್ರ ನೋಡಿಕೊಳ್ಳುತ್ತದೆ.

ಫಿಲ್ಟರ್‌ಗೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಬಹುದಾ?

ಪ್ಲಗ್ ಕಿತ್ತ ಮೇಲೆ, ಫೇಸ್ ಮತ್ತು ನ್ಯೂಟ್ರಲ್ ಪಿನ್ ಎರಡನ್ನೂ ಒಟ್ಟು ಸೇರಿಸಿ, ಅಲ್ಲಿಂದ ಅರ್ಥ್ ಪಿನ್ನಿಗೆ 500 ವೋಲ್ಟ್‌ನಲ್ಲಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಳಸಬಾರದು. ಫೇಸ್-ನ್ಯೂಟ್ರಲ್ ನಡುವೆ ಹಾಕಬೇಡಿ, ಎಸ್‌ಎಂಪಿಎಸ್ ಹಾಳಾದೀತು. ಯುವಿ ಚೇಂಬರ್‌ನಲ್ಲಿ ನೀರು ತುಂಬಿರುವಾಗಲೇ ಪರೀಕ್ಷಿಸಿ. ಒಣಗಿಸಿ ಅಳೆದರೆ ಎಷ್ಟೋ ದೋಷ ಅಡಗಿಕೊಳ್ಳುತ್ತದೆ.

ಇಡೀ ಮನೆಗೆ ಒಂದು ದೊಡ್ಡ ಫಿಲ್ಟರ್ ಹಾಕಿಸಿದ್ವಿ. ಆಮೇಲಿಂದ ಬೇರೆ ಬೇರೆ ಕಡೆ ಶಾಕ್ ಶುರುವಾಯ್ತು!

ಒಳ್ಳೆಯ ಪ್ರಶ್ನೆ, ಪ್ಲಂಬರ್‌ಗಳಿಗೂ ಇದು ಥಟ್ಟನೆ ಹೊಳೆಯುವುದಿಲ್ಲ. ಹಳೆಯ ಮನೆಗಳಲ್ಲಿ ನೆಲದೊಳಗಿನಿಂದ ಬರುವ ಲೋಹದ ನೀರಿನ ಪೈಪನ್ನೇ ಅರ್ಥಿಂಗ್ ಆಗಿ ಬಳಸಿರುತ್ತಾರೆ. ಆ ಪೈಪ್ ಕತ್ತರಿಸಿ ಪ್ಲಾಸ್ಟಿಕ್ ಹೌಸಿಂಗ್ ಕೂರಿಸಿದರೆ ಅರ್ಥಿಂಗ್ ಅಲ್ಲೇ ಕಡಿದುಹೋಗುತ್ತದೆ. ಫಿಲ್ಟರ್‌ಗೆ ಕರೆಂಟೇ ಇಲ್ಲದಿದ್ದರೂ ಮನೆಯ ರಕ್ಷಣೆ ಹೋಯಿತು. ಪೈಪ್‌ನ ಎರಡೂ ಬದಿಗೆ ಕ್ಲ್ಯಾಂಪ್ ಹಾಕಿ ತಾಮ್ರದ ದಪ್ಪ ವೈರಿನಿಂದ ಸೇತುವೆ ಕಟ್ಟಿಸಬೇಕು. ಅರ್ಥಿಂಗ್ ಪೈಪನ್ನೇ ನೆಚ್ಚಿಕೊಳ್ಳದಂತೆ ಬೇರೆ ಅರ್ಥ್ ರಾಡ್ ಕೂಡ ಬೇಕಾಗಬಹುದು. ಅಮೆರಿಕದ ವೈರಿಂಗ್ ನಿಯಮವಾದ ಎನ್‌ಇಸಿ, ಅರ್ಥಿಂಗ್ ದಾರಿ ನೀರಿನ ಮೀಟರ್ ಅಥವಾ ಫಿಲ್ಟರ್ ಮೂಲಕ ಹೋಗುವುದನ್ನು ನೆಚ್ಚಿಕೊಳ್ಳಬಾರದು ಎಂದೇ ಹೇಳುತ್ತದೆ. ಪೈಪ್ ಕತ್ತರಿಸುವಾಗ ಅದರಲ್ಲಿ ಕರೆಂಟ್ ಹರಿಯುತ್ತಿರಲೂಬಹುದು, ಆದ್ದರಿಂದ ಸೇತುವೆ ಮೊದಲು, ಕತ್ತರಿ ಆಮೇಲೆ.

ಇನ್ವರ್ಟರ್ ಮೇಲೆ ಓಡುವಾಗ ಆರ್‌ಸಿಸಿಬಿ ಕೆಲಸ ಮಾಡುತ್ತಾ?

ಇನ್ವರ್ಟರ್ ಬ್ಯಾಟರಿಗೆ ಬದಲಾದಾಗ ಅದರ ನ್ಯೂಟ್ರಲ್‌ಗೂ ಅರ್ಥ್‌ಗೂ ಸಂಬಂಧ ಉಳಿದಿದೆಯೇ ಎನ್ನುವುದರ ಮೇಲಿದೆ. ಸಂಬಂಧ ಕಡಿದಿದ್ದರೆ ಸೋರಿದ ಕರೆಂಟ್‌ಗೆ ಮರಳುವ ದಾರಿಯಿಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ. ಟೆಸ್ಟ್ ಬಟನ್ ಒತ್ತಿದರೆ ಆಗಲೂ ಬೀಳುತ್ತದೆ, ಅದನ್ನು ನಂಬಿ ಮೋಸಹೋಗಬೇಡಿ. ಹಾಗೆಯೇ ಎಲೆಕ್ಟ್ರಾನಿಕ್ ಉಪಕರಣ ಜಾಸ್ತಿ ಇರುವ ಮನೆಗೆ ಟೈಪ್ ಎಸಿಗಿಂತ ಟೈಪ್ ಎ ಆರ್‌ಸಿಸಿಬಿ ಮೇಲು. ಎಸ್‌ಎಂಪಿಎಸ್‌ನಂಥವು ಸೋರಿಸುವ ಬಡಿತದ ಡಿಸಿಯನ್ನೂ ಅದು ಹಿಡಿಯುತ್ತದೆ.

ಸರ್ವಿಸ್‌ನವರು ಮೆಷಿನ್ ಸರಿ ಇದೆ ಅಂತಾರೆ, ಎಲೆಕ್ಟ್ರಿಷಿಯನ್ ವೈರಿಂಗ್ ಸರಿ ಇದೆ ಅಂತಾರೆ. ಯಾರನ್ನ ನಂಬ್ಲಿ?

ಇಬ್ಬರನ್ನೂ ಅಂಕಿ ಕೇಳಿ. ಸರ್ವಿಸ್‌ನವರಿಂದ ಬೇಕಾದದ್ದು ಎರಡು: ಅರ್ಥ್ ಪಿನ್ನಿನಿಂದ ಸ್ಟೀಲ್ ಬಾಡಿಗೆ ಎಷ್ಟು ಓಮ್ (ಒಂದು ಓಮ್‌ಗಿಂತ ಬಹಳ ಕಡಿಮೆ ಇರಬೇಕು), ಇನ್ಸುಲೇಷನ್ ಎಷ್ಟು ಮೆಗಾಓಮ್. ಎಲೆಕ್ಟ್ರಿಷಿಯನ್‌ನಿಂದ ಬೇಕಾದದ್ದು ಆ ಸಾಕೆಟ್‌ನ ಲೂಪ್ ಅಳತೆ ಮತ್ತು ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡ್‌ನಲ್ಲಿ ಬಿತ್ತು ಎಂಬುದು. 30 ಮಿಲಿಆಂಪ್‌ನಲ್ಲಿ ಅದು 300 ಮಿಲಿಸೆಕೆಂಡ್ ಮೀರಬಾರದು. ಅಳೆಯದೆ "ಸರಿ ಇದೆ" ಅಂದವರನ್ನು ಮತ್ತೆ ಕರೆಯಿಸಿ. ಅಳೆಯುವ ಉಪಕರಣವೇ ಅವರ ಹತ್ತಿರ ಇಲ್ಲದಿದ್ದರೆ ಇರುವವರನ್ನು ಹುಡುಕಿ, ಅಲ್ಲಿಯವರೆಗೆ ಪ್ಲಗ್ ಹೊರಗೇ ಇರಲಿ.